ಪಿನ್ನು ಹಾಕಿಟ್ಟ ಐದು ಹಾಳೆ

ಕೊಬ್ಬರಿ ಎಣ್ಣೆ ಹಳೆಯದಾದರೆ ಒಂದು ಥರದ ಕಮಟು ವಾಸನೆ ಬರುತ್ತದೆ. ಹೋದ ತಿಂಗಳು ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಮಿಶಿಗನ್ ಬಿಟ್ಟು ಬಂದಾಗಿನಿಂದ ಬಿಚ್ಚದೇ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ತೆರೆದಾಗ ಆ ವಾಸನೆ ಮೂಗಿಗೆ ಬಡಿಯಿತು. ಪುಸ್ತಕದ ಪೆಟ್ಟಿಗೆಯಲ್ಲಿ ಎಣ್ಣೆ ಎಲ್ಲಿಂದ ಬಂತು? ಯಾವುದೋ ಬಾಟಲಿ ಒಡೆದಿರಬೇಕೆಂದು ಒಂದೊಂದೇ ಪುಸ್ತಕ ತೆಗೆದು ನೋಡಿದೆ. ಬಾಟಲಿ ಸಿಗಲಿಲ್ಲ. ಸಿಕ್ಕಿದ್ದು ಗಟ್ಟಿ ರಟ್ಟಿನ ಒಂದು ಇಂಗ್ಲಿಷ್ ಪುಸ್ತಕ, ಅದರ ನಡುವೆ ಐದು ಹಾಳೆಗಳನ್ನು ಒಟ್ಟಿಗೆ ಹಿಡಿದಿಟ್ಟಿದ್ದ ಎರಡು ಹೇರ್‌ಪಿನ್ನು. ಪಿನ್ನಿನ ಸುತ್ತ ತುಕ್ಕು, ತುಕ್ಕಿನ ಸುತ್ತ ಎಣ್ಣೆಯ ಕಲೆ. ಪಿನ್ನು ನನ್ನವೇ. ಎಣ್ಣೆಯೂ ನನ್ನ ತಲೆಯದೇ.

ಪುಸ್ತಕ ಹುಡುಕಲು ಹೇಳಿದ್ದು ಆನ್ ಆರ್ಬರ್‌ನಲ್ಲಿ ಓದುತ್ತಿರುವ ನನ್ನ ಮಗಳು. ಅವಳ ಕ್ಲಾಸಿನಲ್ಲಿ ಅದನ್ನು ಓದಲು ಕೊಟ್ಟಿದ್ದಾರಂತೆ. ಮನೆಯಲ್ಲಿ ಇದೆಯಲ್ಲ, ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಎಂದು ಫೋನ್ ಮಾಡಿದ್ದಳು. ಅಷ್ಟರಲ್ಲೇ ಗೆಳತಿಯ ಪ್ರತಿಯಲ್ಲಿ ಅರ್ಧ ಓದಿಯಾಗಿತ್ತು. "ದಟ್ ಪಾರ್ಕಿಂಗ್ ಲಾಟ್ ಪಾರ್ಟ್, ಅಮ್ಮಾ! ಐ ಕ್ರೈಡ್," ಎಂದಳು. ನಾನು ಹೂಂ ಎಂದೆ. ಫೋನ್ ಇಟ್ಟಮೇಲೆ ಎಷ್ಟು ತಲೆ ಕೆರೆದುಕೊಂಡರೂ ಆ ಪುಸ್ತಕದಲ್ಲಿ ಪಾರ್ಕಿಂಗ್ ಲಾಟ್ ಎಲ್ಲಿ ಬರುತ್ತದೆಂದು ನೆನಪಾಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಅದನ್ನು ಗಟ್ಟಿಯಾಗಿ ಓದಿದವಳು ನಾನು. ಹಾಗೆಂದು ಎಷ್ಟೋ ಜನರ ಹತ್ತಿರ ಹೇಳಿಕೊಂಡೂ ಇದ್ದೇನೆ…

ಅದನ್ನು ಬರೆದವರು ಈ ದೇಶದ ಬಹಳ ದೊಡ್ಡ ಲೇಖಕರು. ಹೆಸರು ಇಲ್ಲಿ ಬೇಡ. ಕಾದಂಬರಿಗಳಿಂದ ಪ್ರಸಿದ್ಧರಾಗಿ, ಕೂದಲು ನರೆತ ಮೇಲೆ ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕ ಅದು. ಅಪ್ಪ ಯಾರೆಂದು ತಿಳಿಯದ, ಅಮ್ಮ ಕುಡಿತದಿಂದ ಮೇಲೇಳಲಾರದ ಒಬ್ಬ ಹುಡುಗ ಒಂಬತ್ತನೇ ವಯಸ್ಸಿಗೆ ಕಾಗದದ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಡೆಟ್ರಾಯಿಟ್‌ನಲ್ಲಿದ್ದ ದೊಡ್ಡಮ್ಮನ ಮನೆಗೆ ಬರುತ್ತಾನೆ. ಮೂರು ವರ್ಷ ಅಲ್ಲಿರುತ್ತಾನೆ. ಆ ಮನೆಯ ಹಸಿವು, ಚಳಿ, ತಿಂಡಿಯ ಬೀರುವಿಗೆ ಹಾಕಿದ ಬೀಗ ಎಲ್ಲವೂ ಅದರಲ್ಲಿದೆ. ಓದಿದವರೆಲ್ಲ ಹಲ್ಲು ಕಡಿದು ಬೈಯುವುದು ಆ ದೊಡ್ಡಮ್ಮನನ್ನು. ಆಕೆ ಹತ್ತು ವರ್ಷದ ಹಿಂದೆ ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನನಗೆ ಕಾರು ಓಡಿಸಲು ಕಲಿಸಿದವರು ಅವರೇ.

ನಾವು ಬಾಡಿಗೆಗಿದ್ದ ಮನೆ ಬಡಾವಣೆಯ ಕಟ್ಟಕಡೆಯದು. ಅದರಾಚೆ ಸಣ್ಣದೊಂದು ಕೆರೆ, ಕೆರೆಯ ಪಕ್ಕ ದೊಡ್ಡ ಮನೆಗಳೆಲ್ಲ ಏಳುವುದಕ್ಕೆ ಮೊದಲೇ ಕಟ್ಟಿದ್ದ ಅವರ ಪುಟ್ಟ ಮನೆ. ಮೊದಲ ವಾರವೇ ಬಾಗಿಲು ಬಡಿದರು. ಕಸದ ಡಬ್ಬಿಯನ್ನು ನಾವು ತಿರುಗಾಮುರುಗಾ ಇಡುತ್ತಿದ್ದೇವೆಂದು ಹೇಳಲು ಬಂದಿದ್ದರು. ಎಂಬತ್ತರ ಹತ್ತಿರದ ಹೆಂಗಸನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. "ಒಳಗೆ ಬನ್ನಿ ಆಂಟಿ," ಎಂದೆ. ಅವರು ಹೊಸ್ತಿಲ ಮೇಲೆ ನಿಂತುಬಿಟ್ಟರು. ನನ್ನನ್ನು ನೋಡುವ ಬದಲು ಗೋಡೆಯನ್ನು ನೋಡುತ್ತಾ, "ನನ್ನ ಯಾರಾದ್ರೂ ಹಾಗೆ ಕರ್ದು ತುಂಬ ವರ್ಷ ಆಯ್ತು," ಎಂದು ತಿರುಗಿ ಹೋದರು. ಏನು ತಪ್ಪು ಮಾಡಿದೆನೆಂದು ತಲೆಬುಡ ತಿಳಿಯಲಿಲ್ಲ. ಮಾರನೆಯ ದಿನ ಒಂದು ಬುಟ್ಟಿ ಟೊಮ್ಯಾಟೊ ಬಾಗಿಲಲ್ಲಿತ್ತು. ಆಮೇಲೆ ಕೊನೆಯವರೆಗೂ ಆಂಟಿ ಎಂದೇ ಕರೆದೆ. ಅವರ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ನನ್ನ ನೆನಪಿನಲ್ಲಿ ಮಾತ್ರ ಅದು ಹೇಗೋ ಕನ್ನಡವಾಗಿ ಕುಳಿತಿದೆ.

ಗೋಡೆ ನೋಡಿದ್ದು ಸಿಟ್ಟಿನಿಂದಲ್ಲ ಎಂದು ಆಮೇಲೆ ಗೊತ್ತಾಯಿತು. ಅವರ ಕಣ್ಣಿನ ರೋಗ ವಿಚಿತ್ರವಾದದ್ದು. ನೇರ ನೋಡಿದ್ದು ಕಾಣುತ್ತಿರಲಿಲ್ಲ, ಪಕ್ಕದಲ್ಲಿದ್ದದ್ದು ಮಸುಕಾಗಿ ಕಾಣುತ್ತಿತ್ತು. ನನ್ನ ಮುಖ ನೋಡಬೇಕಾದರೆ ಅವರು ಬೇರೆ ಕಡೆ ನೋಡಬೇಕು. ಅಂಥವರು ನನಗೆ ಡ್ರೈವಿಂಗ್ ಕಲಿಸಿದ್ದು ಹೇಗೆಂದು ನಂಬಲು ಕಷ್ಟ. ಹುಬ್ಬಳ್ಳಿಯವರಾದ ನನ್ನ ಗಂಡ ಮೊದಲು ಕಲಿಸಲು ಹೊರಟಿದ್ದರು. ಮೂರನೇ ದಿನಕ್ಕೆ, "ಬ್ರೇಕ್ ಒತ್ತ ಅಂದ್ರ ಸ್ಟೇರಿಂಗ್ ಅಪ್ಪಿಕೊಂಡು ಕುಂದರ್ತಿಯಲ್ಲ ಮಾರಾಯ್ತಿ!" ಎಂದು ಕೂಗಿದ್ದಕ್ಕೆ ನಾನು ಕಾರು ಅಲ್ಲೇ ಬಿಟ್ಟು ನಡೆದು ಮನೆಗೆ ಬಂದಿದ್ದೆ. ಆಂಟಿ ಅಂಗಳದಲ್ಲಿ ನಿಂತು ನಗುತ್ತಿದ್ದರು. ಮರುದಿನ ತಮ್ಮ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಲು ಅವರ ಗೆಳತಿಯೊಬ್ಬರಿಗೆ ಹೇಳಿದರು. ಗೆಳತಿ ಹಿಂದೆ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು, ಆಂಟಿ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದು ಕೇಳಿಯೇ ತಪ್ಪು ಹೇಳುತ್ತಿದ್ದರು. ಒಂದು ಸಲವೂ ದನಿ ಎತ್ತಿದ್ದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಟ. ಕಾರು ನಿಲ್ಲಿಸುವಾಗ ಯಾವಾಗಲೂ ಹಿಮ್ಮುಖವಾಗಿ ಒಳಗೆ ಹೋಗಿ, ಮೂತಿ ಗೇಟಿನ ಕಡೆಗಿರುವಂತೆ ನಿಲ್ಲಿಸಬೇಕು. ರಿವರ್ಸ್ ನನಗೆ ಬರುತ್ತಲೇ ಇರಲಿಲ್ಲ. ಎಲ್ಲರೂ ನೇರವಾಗಿ ನುಗ್ಗಿಸುತ್ತಾರಲ್ಲ ಆಂಟಿ ಎಂದು ಗೊಣಗಿದೆ. "ಹೋಗ್ಬೇಕು ಅನ್ಸಿದಾಗ ತಡ ಆಗ್ಬಾರ್ದು," ಎಂದರು. ಅಷ್ಟೇ. ಇವತ್ತಿಗೂ ಇಲ್ಲಿಯ ಇಂಡಿಯನ್ ಅಂಗಡಿಯ ಮುಂದೆ ನಾನು ಹಾಗೇ ನಿಲ್ಲಿಸುತ್ತೇನೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ನನ್ನ ಗಂಡ ತಲೆ ತಗ್ಗಿಸಿ ಕೂರುತ್ತಾರೆ.

ಎರಡನೆಯ ವರ್ಷ ಎಲೆ ಉದುರುವ ಕಾಲಕ್ಕೆ ಆ ಪುಸ್ತಕ ಬಂತು. ನಮಗೇನೂ ಗೊತ್ತಿರಲಿಲ್ಲ. ಆಂಟಿ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದರು. ಸ್ವೆಟರ್ ಹೆಣೆಯುವ ಗೆಳತಿ ಬರುವುದು ನಿಂತಿತು. ಒಂದು ದಿನ ಮಧ್ಯಾಹ್ನ ಗ್ರೋಸರಿಯ ಕವರಿನಲ್ಲಿ ಪುಸ್ತಕ ಸುತ್ತಿಕೊಂಡು ಆಂಟಿ ನಮ್ಮ ಮನೆಗೆ ಬಂದರು. ಯಾರೋ ಅದನ್ನು ಅವರ ಮೇಲ್‌ಬಾಕ್ಸಿನಲ್ಲಿ ತುರುಕಿ ಹೋಗಿದ್ದರಂತೆ, ಒಂದು ಚೀಟಿಯೂ ಇಲ್ಲದೆ. ಅಡುಗೆಮನೆಯ ಟೇಬಲ್ಲಿನ ಮೇಲಿಟ್ಟು, "ಇದನ್ನ ನಂಗೆ ಓದಿ ಹೇಳ್ತೀಯಾ?" ಎಂದರು.

ಆಡಿಯೋ ಬುಕ್ ಸಿಗುವುದಿಲ್ಲವೇ ಎಂದೆ, ತಿಳಿಯದೆ. "ಇದೆ. ಅವನೇ ಓದಿದಾನೆ. ಅವನ ಬಾಯಲ್ಲಿ ಕೇಳಕ್ಕಾಗಲ್ಲ ನಂಗೆ," ಎಂದರು. ಆಮೇಲೆ ಎಲ್ಲವನ್ನೂ ಚಿಕ್ಕದಾಗಿ ಹೇಳಿದರು. ತಂಗಿಯ ಮಗ, ಮೂರು ವರ್ಷ ಸಾಕಿದ್ದು, ಕಾರು ಫ್ಯಾಕ್ಟರಿಯಲ್ಲಿ ಕೆಲಸ ಕಳೆದುಕೊಂಡ ಗಂಡ. ಹನ್ನೆರಡು ವರ್ಷದ ಹುಡುಗನನ್ನು ಶಿಕಾಗೋ ಕಡೆಯ ಒಂದು ಅನಾಥಾಲಯಕ್ಕೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟು ಬಂದದ್ದನ್ನೂ ಹೇಳಿದರು. "ಬಿಡೋವಾಗ ಭಾನುವಾರ ಬರ್ತೀನಿ ಅಂದಿದ್ದೆ. ಆ ಭಾನುವಾರದ ಬಗ್ಗೆ ಏನ್ ಬರ್ದಿದಾನೆ ಅಂತ ಗೊತ್ತಾಗ್ಬೇಕು. ಬೇರೆ ಏನಾದ್ರೂ ಬರ್ಕೊಳ್ಳಲಿ." ನಾನೇ ಯಾಕೆ ಎಂದು ಕೇಳಿದ್ದಕ್ಕೆ, "ನಂಗೆ ಗೊತ್ತಿರೋರು ಯಾರೂ ನಿಂಗೆ ಅಷ್ಟಾಗಿ ಗೊತ್ತಿಲ್ಲ," ಎಂದರು.

ನೀವು ಹೋಗಿದ್ದಿರಾ ಆಂಟಿ ಎಂದು ಆವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಹೋಗಿರಲಾರರು, ಅದಕ್ಕೇ ಈ ಹೆದರಿಕೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಬಿಟ್ಟೆ.

ವಾರಕ್ಕೆರಡು ಮಧ್ಯಾಹ್ನ, ಮಗಳ ಸ್ಕೂಲ್ ಬಸ್ಸು ಬರುವವರೆಗೆ ಓದುವುದು. ಅವರ ಮನೆಯ ಕಿಟಕಿಯ ಪಕ್ಕ ಎರಡು ಕುರ್ಚಿ. ನನ್ನ ಇಂಗ್ಲಿಷಿನ ಉಚ್ಚಾರ ಎಲ್ಲಿ ಎಡವುತ್ತದೋ ಎಂಬ ಭಯಕ್ಕೆ ಪುಸ್ತಕವನ್ನು ಮನೆಗೆ ತಂದು, ಹಿಂದಿನ ದಿನವೇ ಅಷ್ಟು ಪುಟ ಓದಿ, ಕಷ್ಟದ ಪದಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳುತ್ತಿದ್ದೆ. ಆ ಓದಿನಲ್ಲೇ ನನ್ನ ತಲೆ ಕೆಟ್ಟದ್ದು.

ಪುಸ್ತಕದ ಹುಡುಗ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಊಟ ಮಾಡುತ್ತಾನೆ, ಟೇಬಲ್ಲಿಗೆ ಕರೆಯುವವರಿಲ್ಲ. ಅದನ್ನು ಓದಿ ಆಂಟಿಯ ಕಡೆ ನೋಡಿದೆ. ಆಂಟಿ ತಣ್ಣಗೆ, "ಅವನಿಗೆ ಅಲ್ಲಿ ಕೂರೋದು ಇಷ್ಟ. ಮನೆ ಬಿಸಿ ಮಾಡೋ ಫರ್ನೇಸ್ ಹತ್ರ ಬೆಚ್ಚಗಿರ್ತಿತ್ತು," ಎಂದರು. ಬೀರುವಿನ ಬೀಗ ಬಂದಾಗ ಸುಳ್ಳು ಎನ್ನುತ್ತಾರೇನೋ ಎಂದು ಕಾದೆ. "ಹೌದು, ಹಾಕ್ತಿದ್ದೆ. ಕೀ ನನ್ನ ಕತ್ತಲ್ಲೇ ಇರ್ತಿತ್ತು," ಎಂದರು. ಯಾಕೆಂದು ಹೇಳಲಿಲ್ಲ. ಆವತ್ತೇ ಸಂಜೆ ಅದೇ ಹೆಂಗಸು ನನ್ನ ಮಗಳಿಗೆ ತಟ್ಟೆ ತುಂಬ ಕುಕೀಸ್ ಕೊಟ್ಟು, ಇನ್ನೂ ಎರಡು ತಗೋ, ಇನ್ನೂ ಎರಡು ತಗೋ ಎಂದು ಅವಳ ಜೇಬಿಗೆ ತುಂಬುತ್ತಿದ್ದರು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ… ಆ ಹುಡುಗ ಬಂದಾಗ ಇದ್ದಷ್ಟೇ ವಯಸ್ಸು.

ಯಾರನ್ನು ನಂಬುವುದು? ಪುಸ್ತಕ ಓದುವಾಗ ಆಂಟಿಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಅವರ ಎದುರು ಕೂತಾಗ ಬರೆದವನ ಮೇಲೆ ಉರಿಯುತ್ತಿತ್ತು, ಇಷ್ಟು ದೊಡ್ಡ ಮನುಷ್ಯ ಕಣ್ಣು ಕಾಣದ ಮುದುಕಿಯನ್ನು ಊರ ಬಾಯಿಗೆ ಹಾಕಿದನಲ್ಲ ಎಂದು. ಗಂಡನ ಹತ್ತಿರ ಹೇಳಿದರೆ ಅವರು ಚಪಾತಿ ಮುರಿಯುತ್ತಾ, "ಇಬ್ಬರೂ ಖರೇನ ಹೇಳ್ಲಿಕ್ಕತ್ತಿರಬೇಕು. ನೀ ಯಾಕ ತಲಿ ಕೆಡಿಸ್ಕೋತಿ?" ಎಂದರು. ಇಬ್ಬರೂ ಹೇಳುತ್ತಿರುವುದು ನಿಜವಾದರೆ ತಲೆ ಕೆಡದೆ ಇರುತ್ತದೆಯೇ?

ಇಲ್ಲಿ ನನ್ನ ಅಜ್ಜಿಯ ವಿಷಯ ಹೇಳಬೇಕು. ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ದಿನಾ ಸಂಜೆ ಪುರಾಣ ಓದುತ್ತಿದ್ದರು, ಕೇರಿಯ ನಾಲ್ಕಾರು ಹೆಂಗಸರು ಬಂದು ಕೇಳುತ್ತಿದ್ದರು. ಸಾವು, ಶಾಪ, ಅಗಲಿಕೆ ಬಂದ ಜಾಗದಲ್ಲಿ ಪುಸ್ತಕ ಮುಚ್ಚಕೂಡದು ಎಂಬುದು ಅಜ್ಜಿಯ ನಿಯಮ. ಕೇಳಿದವರು ಅದೇ ಮಾತು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೋಗಬಾರದು. ಹೊತ್ತಾದರೂ ಸರಿ, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ, ಮದುವೆಯೋ ಮಗು ಹುಟ್ಟಿದ್ದೋ ಯಾವುದಾದರೂ ಒಳ್ಳೆಯ ಜಾಗ ಬರುವವರೆಗೆ ಓದಿ, ಅಲ್ಲಿ ಹೂವಿನ ಎಸಳಿಟ್ಟು ನಿಲ್ಲಿಸುತ್ತಿದ್ದರು. ಹಿರಿಯರ ಎದುರು ಕೆಟ್ಟ ಮಾತು ಬಾಯಿಂದ ಬರಬಾರದು ಎಂಬುದೂ ಅದರ ಜೊತೆಯಲ್ಲೇ ನನ್ನ ಮೈಗೆ ಹತ್ತಿತ್ತು. ಆಂಟಿಗೆ ಓದುವಾಗಲೂ ನಾನು ಆ ಕ್ರಮವನ್ನೇ ಇಟ್ಟುಕೊಂಡಿದ್ದೆ. ಪ್ರತಿಸಲ ಏನಾದರೊಂದು ಸಮಾಧಾನದ ಜಾಗ ನೋಡಿಯೇ ನಿಲ್ಲಿಸುವುದು. ಹುಡುಗನಿಗೆ ನಾಯಿಮರಿ ಸಿಕ್ಕಿತು, ನಿಲ್ಲಿಸು. ಹಿಮ ಕರಗಿತು, ನಿಲ್ಲಿಸು.

ಆಮೇಲೆ ಭಾನುವಾರ ಬಂತು.

ಹಿಂದಿನ ದಿನ ಮನೆಯಲ್ಲಿ ಕೂತು ಆ ಅಧ್ಯಾಯ ತೆರೆದೆ. ಬೇಸ್‌ಬಾಲ್ ಆಟ ನೋಡಲು ಹೋಗುತ್ತಿದ್ದೇವೆಂದು ಹೇಳಿ ದೊಡ್ಡಮ್ಮ ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಳ್ಳುತ್ತಾಳೆ. ನಾಲ್ಕೂವರೆ ಗಂಟೆ ಹೈವೇ. ಹುಡುಗ ದಾರಿಯುದ್ದಕ್ಕೂ ಆಟಗಾರರ ಹೆಸರು ಹೇಳುತ್ತಾ ಬರುತ್ತಾನೆ, ಅವಳು ಹೂಂ ಹೂಂ ಎನ್ನುತ್ತಾಳೆ. ಕಾರು ನಿಂತದ್ದು ಒಂದು ಇಟ್ಟಿಗೆ ಕಟ್ಟಡದ ಮುಂದೆ. ಭಾನುವಾರ ಬರ್ತೀನಿ ಎಂದು ಹೇಳಿ ಅವಳು ಹೊರಟು ಹೋಗುತ್ತಾಳೆ. ಅಲ್ಲಿಂದ ಹಾಳೆ ತಿರುಗಿಸಿದರೆ ಭಾನುವಾರ. ಹುಡುಗ ತಲೆಗೆ ನೀರು ಹಚ್ಚಿ ಬಾಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಾನೆ. ಪಕ್ಕದ ಹುಡುಗರು ನಗುತ್ತಿದ್ದಾರೆ. ಆ ಪ್ಯಾರಾದ ಕೊನೆಯಲ್ಲಿ ದೊಡ್ಡಮ್ಮನನ್ನು ಅವನು ಒಂದು ಮಾತಿನಿಂದ ಕರೆದಿದ್ದ. ಅದನ್ನು ನಾನು ಕನ್ನಡಕ್ಕೆ ತಿರುಗಿಸಲಾರೆ, ಬೀದಿನಾಯಿಯನ್ನೂ ಹಾಗೆ ಕರೆಯಲಾರೆ.

ಅಲ್ಲಿಗೆ ಪುಸ್ತಕ ಮುಚ್ಚಿ ಅತ್ತೆ. ಮುಂದೆ ಓದಲು ಧೈರ್ಯ ಬರಲಿಲ್ಲ. ಮುಂದಿನ ಅಧ್ಯಾಯ ತೆರೆದು ನೋಡಿದೆ, ಅಲ್ಲಿ ಅನಾಥಾಲಯದ ಒಬ್ಬ ಮೇಷ್ಟ್ರು ಹುಡುಗನಿಗೆ ಖಾಲಿ ನೋಟ್‌ಬುಕ್ ಕೊಡುತ್ತಾರೆ, ಅವನು ಮೊದಲ ಸಲ ಏನನ್ನೋ ಬರೆಯುತ್ತಾನೆ. ಇದು ಒಳ್ಳೆಯ ಜಾಗ ಅನ್ನಿಸಿತು. ನಡುವಿನ ಐದು ಹಾಳೆಗಳನ್ನು ಒಟ್ಟು ಹಿಡಿದು, ಓದುವಾಗ ಕೈ ತಡವರಿಸಬಾರದೆಂದು ಜಡೆಯಿಂದ ಎರಡು ಪಿನ್ನು ಕಿತ್ತು ಸಿಕ್ಕಿಸಿದೆ. ಆಂಟಿಗೆ ಕಾಣುವುದಿಲ್ಲವಲ್ಲ… ಆವತ್ತು ನನ್ನ ಮನಸ್ಸಿನಲ್ಲಿ ಒಂದು ಚೂರೂ ಅಳುಕಿರಲಿಲ್ಲ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ಅಂದುಕೊಂಡಿದ್ದೆ.

ಮರುದಿನ ಓದುವಾಗ ಬೇಸ್‌ಬಾಲಿನ ಸುಳ್ಳು ಬಂದಾಗ ಆಂಟಿ ಬೇರೇನೂ ಹೇಳಲಿಲ್ಲ, ಹೌದು ಎಂದರು ಅಷ್ಟೇ. ಇಟ್ಟಿಗೆ ಕಟ್ಟಡ ಬಂತು. ಅವಳು ಹೊರಟುಹೋದಳು ಎಂದು ಓದಿ, ಉಸಿರೂ ಬಿಡದೆ ನೋಟ್‌ಬುಕ್ಕಿಗೆ ಹಾರಿದೆ. ನಾಲ್ಕು ಸಾಲು ಓದುವಷ್ಟರಲ್ಲಿ ಅವರ ಕೈ ನನ್ನ ಮೊಣಕೈಯ ಮೇಲೆ ಬಿತ್ತು.

"ಭಾನುವಾರದ್ದು?"

"ಅದರ ಬಗ್ಗೆ ಏನೂ ಬರ್ದಿಲ್ಲ ಆಂಟಿ."

"ಒಂದ್ ಸಾಲೂ ಇಲ್ವಾ?"

"ಇಲ್ಲ."

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಅಂದರೆ ನನ್ನನ್ನು ನೋಡುತ್ತಿದ್ದರು. ನಾನು ಮಿಸುಕಲಿಲ್ಲ. ಅವರೇ, "ಹಾಗಾದ್ರೆ ಅವನು ನೋಡ್ಲೇ ಇಲ್ಲ," ಎಂದರು.

ಏನನ್ನು ಎಂದು ಕೇಳಿದೆ. ಅವರು ಟೀ ಕಪ್ಪಿಗಾಗಿ ಟೇಬಲ್ಲಿನ ಮೇಲೆ ಕೈಯಾಡಿಸಿದರು, ನಾನು ಕಪ್ಪನ್ನು ಕೈಗಿತ್ತೆ. ಆ ಮಾತು ಅಲ್ಲಿಗೇ ನಿಂತಿತು. ಅಬ್ಬಾ, ಇವರಿಗೆ ನಿರಾಳವಾಯಿತು ಎಂದುಕೊಂಡು ನಾನು ಮನೆಗೆ ಬಂದೆ. ಸಂಜೆ ಗಂಡನ ಹತ್ತಿರ ಜಂಭದಿಂದ ಹೇಳಿಕೊಂಡೆ ಕೂಡ. ಅವರಿಗದು ಯಾಕೋ ಸರಿಕಾಣಲಿಲ್ಲ. "ಅಕಿ ಕೇಳಿದ್ದು ಅದೊಂದ ಇತ್ತಲ್ಲ?" ಎಂದರು. ನಾನು ಸಿಡುಕಿ ಬಾಯಿ ಮುಚ್ಚಿಸಿದೆ.

ಆಮೇಲೆ ಆಂಟಿ ಬೇರೆಯೇ ಆದರು. ಉಳಿದ ಅಧ್ಯಾಯಗಳನ್ನು ನನ್ನ ಮನಸ್ಸು ನೋಯಬಾರದೆಂದು ಕೇಳಿದರೇ ಹೊರತು ನಡುವೆ ಬಾಯಿ ಹಾಕಲಿಲ್ಲ, ಅದು ಹಾಗಲ್ಲ ಹೀಗೆ ಎನ್ನಲಿಲ್ಲ. ಮುಗಿದ ದಿನ ಪುಸ್ತಕ ನೀನೇ ಇಟ್ಟುಕೋ ಎಂದರು. ಹಿಮ ಕರಗುವ ಹೊತ್ತಿಗೆ ನಿದ್ದೆಯಲ್ಲೇ ಹೋಗಿಬಿಟ್ಟರು. ಅಂತ್ಯಸಂಸ್ಕಾರಕ್ಕೆ ಬಂದವರು ಹತ್ತು ಹನ್ನೆರಡು ಜನ. ಸ್ವೆಟರಿನ ಗೆಳತಿ ಹಿಂದಿನ ಸಾಲಿನಲ್ಲಿ ಕೂತು ಬಿಕ್ಕುತ್ತಿದ್ದರು. ಲೇಖಕರು ಬಂದಿರಲಿಲ್ಲ. ಅವರಿಗೆ ಸುದ್ದಿ ಮುಟ್ಟಿತ್ತೋ ಇಲ್ಲವೋ… ಅದರ ಮುಂದಿನ ವರ್ಷ ಗಂಡನಿಗೆ ಈ ಕಡೆ ಕೆಲಸವಾಗಿ ನಾವು ಪೆಟ್ಟಿಗೆ ಕಟ್ಟಿದೆವು.

ಹೋದ ತಿಂಗಳು ಬೇಸ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು ಆ ಪಿನ್ನುಗಳನ್ನು ತೆಗೆದೆ. ತುಕ್ಕು ಹಿಡಿದಿದ್ದರಿಂದ ಒಂದು ಹಾಳೆಯ ಅಂಚು ಹರಿಯಿತು.

ಕಿಟಕಿಯಲ್ಲಿ ನಿಂತ ಹುಡುಗ ಊಟದ ಗಂಟೆಯವರೆಗೂ ಅಲ್ಲೇ ನಿಂತಿದ್ದ. ಊಟವಾದ ಮೇಲೆ ಎಲ್ಲರನ್ನೂ ಮೈದಾನಕ್ಕೆ ಬಿಟ್ಟರು. ಮೈದಾನದ ಆಚೆ, ರಸ್ತೆಯ ಪಕ್ಕ ಪಾರ್ಕಿಂಗ್ ಲಾಟು. ಮಕ್ಕಳನ್ನು ನೋಡಲು ಬಂದವರ ಕಾರುಗಳೆಲ್ಲ ಮೈದಾನದ ಕಡೆ ಮುಖ ಮಾಡಿ ನಿಂತಿದ್ದವು. ಒಂದು ಹಸಿರು ಕಾರು ಮಾತ್ರ ಗೇಟಿನ ಕಡೆ ಮೂತಿ ಮಾಡಿ ನಿಂತಿತ್ತು. ಹಾಗೆ ಕಾರು ನಿಲ್ಲಿಸುವವರು ತನಗೆ ಗೊತ್ತಿದ್ದಂತೆ ಲೋಕದಲ್ಲಿ ಒಬ್ಬರೇ ಎಂದು ಬರೆದಿದ್ದಾರೆ. ದೊಡ್ಡಮ್ಮ ಒಳಗೇ ಕೂತು ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದಳು. ಹುಡುಗ ಹತ್ತಿರ ಹೋಗಲಿಲ್ಲ. ಇಳಿದು ಬರಲಿ ಎಂದು ಕಾದ. ಬೇಕೆಂದೇ ಜೋರಾಗಿ ಓಡಿದ, ಜೋರಾಗಿ ಕೂಗಿದ. ಒಂದು ಗಂಟೆಯಾದ ಮೇಲೆ ಕಾರು ಹೊರಟು ಹೋಯಿತು. ಮರು ಭಾನುವಾರವೂ ಹಾಗೆಯೇ. ಮೂರನೆಯ ಭಾನುವಾರವೂ. ನಾಲ್ಕನೆಯ ಭಾನುವಾರ ಇನ್ನು ಸಾಕು, ನಾನೇ ಹೋಗಿ ಬಾಗಿಲು ತಟ್ಟುತ್ತೇನೆಂದು ತಲೆ ಬಾಚಿಕೊಂಡು ಗೇಟಿನ ಹತ್ತಿರವೇ ನಿಂತ. ಆವತ್ತು ಕಾರು ಬರಲಿಲ್ಲ. ಆಮೇಲೂ ಬರಲಿಲ್ಲ.

ಐದನೆಯ ಹಾಳೆಯ ಕೊನೆಗೆ, ನನ್ನ ಪಿನ್ನಿನ ಕಲೆಯ ಕೆಳಗೆ ಒಂದು ಮಾತಿತ್ತು. ಆಕೆ ಬದುಕಿದ್ದಾಳೋ ಇಲ್ಲವೋ ತನಗೆ ಗೊತ್ತಿಲ್ಲ, ಬದುಕಿದ್ದು ಎಂದಾದರೂ ಈ ಪುಟದವರೆಗೆ ಬಂದರೆ ತಾನು ಕಾರನ್ನು ನೋಡಿದ್ದೆ ಎಂದು ಆಕೆಗೆ ತಿಳಿಯಲಿ. ಅಷ್ಟೇ ಅದರ ಅರ್ಥ.

ಆಂಟಿ ಆ ಪುಟದವರೆಗೆ ಬಂದಿದ್ದರು. ಅದನ್ನು ದಾಟಿಸಿ ಮುಂದೆ ಕರೆದುಕೊಂಡು ಹೋದವಳು ನಾನು.

ಅಜ್ಜಿ ನೆನಪಾದರು. ಅಜ್ಜಿ ಒಂದು ದಿನವೂ ಹಾಳೆ ಬಿಟ್ಟು ಓದಿದವರಲ್ಲ. ಕೆಟ್ಟದ್ದು ಬಂದಾಗ ದನಿ ತಗ್ಗಿಸಿ, ಬೇಗ ಬೇಗ, ಆದರೆ ಒಂದು ಪದವನ್ನೂ ಬಿಡದೆ ಓದಿ ದಾಟುತ್ತಿದ್ದರು. ನಾನು ಅವರ ನಿಯಮದಲ್ಲಿ ನನಗೆ ಬೇಕಾದ ಅರ್ಧ ಮಾತ್ರ ಇಟ್ಟುಕೊಂಡೆ. ಕೆಟ್ಟ ಜಾಗದಲ್ಲಿ ಪುಸ್ತಕ ಮುಚ್ಚಿ ಕೂತವಳು ನಾನೇ, ಅದೂ ಹತ್ತು ವರ್ಷ.

ಆದರೂ ಗೊಂದಲ ಹೋಗಿಲ್ಲ. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಮೂರು ಸಲ ಹೋದವರಿಗೆ ಕಾರಿನ ಬಾಗಿಲು ತೆಗೆಯಲು ಏನಾಗಿತ್ತು? ಹೋಗಿದ್ದೆ ಎಂದು ನನ್ನ ಹತ್ತಿರ ಒಂದು ಮಾತು ಹೇಳಲು ಏನಾಗಿತ್ತು? ಕೀಲಿ ಕತ್ತಿನಲ್ಲಿ ನೇತುಹಾಕಿಕೊಂಡಿದ್ದವರೂ ಅವರೇ, ಕನ್ನಡಿಯಲ್ಲಿ ನೋಡುತ್ತಾ ಕೂತಿದ್ದವರೂ ಅವರೇ. ಇಬ್ಬರನ್ನೂ ಒಂದೇ ವ್ಯಕ್ತಿಯಾಗಿ ಜೋಡಿಸಲು ಹೋದಾಗಲೆಲ್ಲ ನನ್ನ ಕೈ ಸೋಲುತ್ತದೆ. ಅವರನ್ನು ಪ್ರೀತಿಸಿದ್ದೆ ಎಂಬುದಷ್ಟೇ ಖಚಿತ. ಅವರಿಗೆ ಮೋಸ ಮಾಡಿದೆ ಎಂಬುದೂ ಅಷ್ಟೇ ಖಚಿತ.

ಲೇಖಕರಿಗೆ ಒಂದು ಕಾಗದ ಬರೆದೆ. ಮೂರು ಸಲ ಹರಿದು ಹಾಕಿ, ನಾಲ್ಕನೆಯ ಸಲ ಚಿಕ್ಕದಾಗಿ ಬರೆ‌ದೆ. ನಾನು ನಿಮ್ಮ ದೊಡ್ಡಮ್ಮನ ಪಕ್ಕದ ಮನೆಯಲ್ಲಿದ್ದವಳು, ಕಣ್ಣು ಕಾಣದ ಅವರಿಗೆ ನಿಮ್ಮ ಪುಸ್ತಕ ಓದಿದವಳು, ಭಾನುವಾರದ ಬಗ್ಗೆ ಕೇಳಿದರು, ನೀವು ಏನೂ ಬರೆದಿಲ್ಲ ಎಂದು ನಾನು ಸುಳ್ಳು ಹೇಳಿದೆ, ಹಾಗಾದರೆ ಅವನು ನೋಡಲೇ ಇಲ್ಲ ಎಂದರು, ಈಗ ಅವರಿಲ್ಲ. ಅದಕ್ಕಿಂತ ಹೆಚ್ಚು ನನಗೇನೂ ಗೊತ್ತಿಲ್ಲ. ಪ್ರಕಾಶಕರ ವಿಳಾಸ ಬರೆಯುತ್ತಿದ್ದಾಗ ಗಂಡ ಹಿಂದೆ ಬಂದು ನಿಂತರು. "ಇದನ್ನ ಓದಿ ಅವಗ ಸಮಾಧಾನ ಆಗತದೋ, ಬ್ಯಾಸರ ಆಗತದೋ?" ಎಂದರು. ಗೊತ್ತಿಲ್ಲ ಎಂದೆ. ಒಮ್ಮೆ ಇನ್ನೊಬ್ಬರ ಸಮಾಧಾನವನ್ನು ನಾನೇ ಲೆಕ್ಕ ಹಾಕಲು ಹೋಗಿ ಇಷ್ಟಾಯಿತು. ಕಾಗದವನ್ನು ಅವತ್ತೇ ಪೋಸ್ಟ್ ಮಾಡಿ ಬಂದೆ.

ನಾಳೆ ಮಗಳು ಬಂದು ಪುಸ್ತಕ ಒಯ್ಯುತ್ತಾಳೆ. ಅದಕ್ಕೇ ಇವತ್ತು ಮಧ್ಯಾಹ್ನ, ನಾವು ಓದುತ್ತಿದ್ದ ಹೊತ್ತಿಗೆ, ಕಿಟಕಿಯ ಪಕ್ಕ ಕೂತು ಆ ಐದು ಹಾಳೆಗಳನ್ನು ಗಟ್ಟಿಯಾಗಿ ಓದಿದೆ. ಬಾಯಿಗೆ ಬಾರದ ಆ ಬೈಗುಳವನ್ನೂ ಓದಿದೆ, ದನಿ ತಗ್ಗಿಸಿ. ಹಸಿರು ಕಾರು ಬಂತು, ಕನ್ನಡಿ ಬಂತು, ನಾಲ್ಕನೆಯ ಭಾನುವಾರ ಬಂತು. ನಿಲ್ಲಿಸದೆ ಹಾಳೆ ತಿರುಗಿಸಿದೆ. ಮೇಷ್ಟ್ರು ನೋಟ್‌ಬುಕ್ ಕೊಟ್ಟರು, ಹುಡುಗ ಬರೆಯಲು ಕೂತ. ನಿಲ್ಲಿಸಬಹುದಾದ ಜಾಗ ಅದು. ಪುಸ್ತಕ ಮಡಿಲಲ್ಲಿಟ್ಟುಕೊಂಡು, ಎದುರಿಗಿದ್ದ ಖಾಲಿ ಕುರ್ಚಿಯನ್ನು ನೇರವಾಗಿ ನೋಡಲಾರದೆ ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದೆ. ಇಂಗ್ಲಿಷ್ ಬಾಯಿಗೆ ಬರಲಿಲ್ಲ.

"ನೋಡಿದಾನೆ ಆಂಟಿ. ಮೂರು ಸಲಾನೂ ನೋಡಿದಾನೆ."